ದ್ರಾಕ್ಷಿಗೆ ತೂತು ಹಾಕಿದ್ದು ಯಾರು

...ಬಾರಮ್ಮ, ಬಾ! ಜೇನು ಸಾಹುಕಾರ್ತಿ ಸುನಿತಾ ಅಂದ್ರೆ ಸುಮ್ನೆನಾ! ನನ್ನ ತೋಟದ ಕೂಲಿ ಬಿಟ್ಟು ಜೇನುಪೆಟ್ಟಿಗೆ ಇಟ್ಮೇಲೆ ಈ ಗಂಗಾಂಬಿಕಾ ಬದುಕಿದ್ದಾಳೆ ಅನ್ನೋದೇ ನೀನು ಮರೆತಿದ್ದೆ. ಬೇಲಿ ದಾಟೋ ಪುರುಸೊತ್ತು ನಿನ್ನ ಹುಳಗಳಿಗೆ ಮಾತ್ರ ಅಂದ್ಕೊಂಡಿದ್ದೆ, ನಿಂಗೂ ಸಿಕ್ತಾ?

ಈ ಗೊಂಚಲು ನೋಡು. ಇವತ್ತೋ ನಾಳೆಯೋ ಕುಯ್ಯೋ ಹಣ್ಣು, ಒಂದೊಂದಕ್ಕೂ ತೂತು! ರಸ ಸೋರಿ ಹುಳಿ ನಾತ. ಚಳ್ಳಕೆರೆ ವ್ಯಾಪಾರಿ ಮೂಗು ಮುಚ್ಕೊಂಡು, "ಏನಮ್ಮ, ಹೆಂಡ ಇಳಿಸ್ತಿದ್ದೀರಾ?" ಅಂದ. ಹ್ಞೂ, ನಗು, ನಗು... ಯಾಕೆ, ನಗು ಬರ್ತಿಲ್ವಾ?

ತೂತಿನ ಮೇಲೆ ಯಾರು ಕೂತಿದ್ರು? ನಿನ್ನ ಮುದ್ದಿನ ಜೇನು! ಮೊನ್ನೆ ಬೇಲಿ ಆಚೆಯಿಂದ್ಲೇ ಏನಂದೆ ನೀನು? "ತೂತು ಮಾಡೋದು ಕಣಜ, ಗಂಗಮ್ಮೋರೆ. ಜೇನಿಗೆ ಸಿಪ್ಪೆ ಹರಿಯೋಕೆ ಆಗಲ್ಲ, ಸೋರಿದ್ದು ನೆಕ್ತಾವೆ ಅಷ್ಟೇ." ಆಹಾಹಾ! ಬರೀ ನೆಕ್ಕೋಕೆ ಬಂದೋರಂತೆ, ಪಾಪ! ಹೆತ್ತೋರಿಗೆ ಹೆಗ್ಗಣ ಮುದ್ದು ಅನ್ನೋದು ಸುಳ್ಳಲ್ಲ ಕಣೇ.

ಯಾಕೆ ಕಂಬದಂಗೆ ನಿಂತಿದ್ದೀಯಾ? ಜಗಳಕ್ಕೆ ಬಂದಿದ್ರೆ ಜಗಳ ಆಡು. ಸೆರಗಲ್ಲಿ ಏನದು? ಜೇನುತುಪ್ಪ ತಂದ್ಯಾ, ನನ್ನ ಬಾಯಿ ಸಿಹಿ ಮಾಡೋಕೆ? ಬಿಚ್ಚು, ನೋಡೋಣ...

ಅಯ್ಯ.

ಇಷ್ಟೂ ಹುಳ... ಸತ್ವಾ? ಎಲ್ಲಾ ಪೆಟ್ಟಿಗೇದೂ? ತಲೆ ಆಡಿಸ್ತೀಯಾ ಅಂದ್ರೆ... ಒಂದೂ ಉಳಿದಿಲ್ವಾ?

ರೋಗ ಗೀಗ ಬಂದಿರ್ಬೇಕು ಬಿಡು. ಬಿಸಿಲು ನೋಡು ಹೆಂಗೈತೆ, ಮನುಷ್ಯರೇ ಸಾಯ್ತಾರೆ, ಇನ್ನು ಹುಳ! ನನ್ನ ಯಾಕೆ ಹಂಗೆ ನೋಡ್ತೀಯಾ? ನಾನೇನು ಮಾಡಿದ್ದೀನಿ? ಗೌರಸಮುದ್ರದ ಮಾರಮ್ಮನ ಆಣೆ, ನಿನ್ನ ಹುಳ ಮುಟ್ಟಿಲ್ಲ ನಾನು! ಬೆಲ್ಲದ ನೀರಿಗೆ ಔಷಧಿ ಕಲಸಿ ಬದುವಿನ ಮೇಲೆ ಇಡೋ ಬುದ್ಧಿ ನಂಗ್ಯಾಕೆ ಬರ್ತೈತೆ? ಸುಮ್‌ಸುಮ್ನೆ ಬೆಲ್ಲ ಗಿಲ್ಲ ಅಂತ ನನ್ನ ಮೇಲೆ ಹೊರಿಸಬೇಡ...

ಏನು?

ನೀನೇ ಅಂದೆ ಅಲ್ವೇನೇ, ಬೆಲ್ಲದ ನೀರು ಅಂತ? ಈಗ... ಬಂದ ತಕ್ಷಣ... ಅನ್ಲಿಲ್ವಾ?

ಬಂದಾಗಿಂದ ನೀನು ಬಾಯೇ ಬಿಟ್ಟಿಲ್ಲ.

ಏನು ಬೆರಳು ತೋರಿಸ್ತೀಯಾ? ಆ ಗೊಂಚಲಾ? ಅಲ್ಲೇನೈತೆ, ಒಂದು ಕಣಜ ಕೂತೈತೆ... ಕೂತ್ಕೊಂಡು ಸಿಪ್ಪೆ... ಹರೀತೈತೆ. ಹ್ಞೂ. ಕಾಣ್ತೈತೆ ನಂಗೆ, ಕುರುಡಿಯಲ್ಲ ನಾನು.

ಸುನಿತಾ... ಹಂಗೆ ಹೋಗ್ಬೇಡ ಕಣೇ. ನಿಲ್ಲೇ! ಬೈಯೇ... ಬಾಯಿಗೆ ಬಂದಂಗೆ ಬೈದಾದ್ರೂ ಹೋಗೇ...