ಸುಂದರಿ ಸ್ಪರ್ಧೆಗೆ ಜೋಳದ ರೊಟ್ಟಿ

ಕದ್ದು ಕೇಳೋ ಚಾಳಿ ಉಡುಪಿಯ ರಾಮದಾಸರಿಗೆ ಇಲ್ಲ. ಜರ್ಮನಿಯ ನ್ಯೂರೆಂಬರ್ಗಿನ ಟ್ರಾಮಿನಲ್ಲಿ ಹಿಂದಿನ ಸೀಟಿಂದ ಧಾರವಾಡ ಕಡೆಯ ಕನ್ನಡ ತಾನಾಗೇ ಬಂದು ಅವರ ಕಿವಿಗೆ ಬಿತ್ತು, ಅಷ್ಟೇ. ತಾಯಿ, ಮಗಳು ಮಾತಾಡ್ತಿದ್ದರು.

“ಮಮ್ಮಿ, ಅಮೆರಿಕಾದ ಮೂಲನಿವಾಸಿಗಳು ಅದಾರಲ್ಲ, ನವಾಹೋ? ಅವರ ಹುಡುಗ್ಯಾರಿಗೆ ಸುಂದರಿ ಕಿರೀಟ ಬೇಕಂದ್ರ ಎಲ್ಲಾರ ಮುಂದ ಕುರಿ ಕೊಯ್ಯಬೇಕು. ಅವರ ಭಾಷಾದಾಗ ಉತ್ತರಾನೂ ಕೊಡಬೇಕು.”

“ಶಿವ ಶಿವಾ! ನೀ ಕನ್ನಡ ಕೂಟದ ಸ್ಪರ್ಧಾದಾಗ ಕುರಿ ಕೊಯ್ತೀಯೇನ, ಭೂಮಿಕಾ?”

“ಇಲ್ಲ, ಸ್ಟೇಜ್ ಮ್ಯಾಲ ರೊಟ್ಟಿ ಬಡೀತೀನಿ. ಕಮಿಟಿಯವ್ರು ಬ್ಯಾಡ ಅಂತಾರ. ಸೀರಿ ಉಟ್ಟು, ನಾಕ ಹೆಜ್ಜಿ ನಡದು, ನಕ್ಕು ಹೋಗು ಅಂದ್ರು.”

“ಹಂಗ ಮಾಡು. ಸಪ್ಪಳ ಯಾಕ?”

“ನೀನೂ ಅದನ್ನ ಹೇಳ್ತಿ! ಕೆಳಗಿನ ಮನಿ ಅಜ್ಜಿ ಒಂದ್ಸಲ ಬಂದು ಬೈದ್ಲಂತ ರೊಟ್ಟಿ ಬಡಿಯೋದ ಬಿಟ್ಟಿ. ಅವತ್ತಿಂದ ಬರೀ ಲಟ್ಟಿಸ್ತಿ.”

ಈ ಮಾತಿಗೆ ಟ್ರಾಮು ಕೂಡ ಸದ್ದಿಲ್ಲದೆ ಓಡ್ತು ಅಂತ ರಾಮದಾಸರು ಇವತ್ತಿಗೂ ಆಣೆ ಹಾಕ್ತಾರೆ.

“ನಿನಗ ಬಡಿಯಾಕ ಎಲ್ಲಿ ಬರ್ತೈತಿ? ನಾ ಲಟ್ಟಿಸೋದ ನೋಡಿ ಬೆಳದಾಕಿ.”

“ಕಲಿಸು.”

“ಯಾವಾಗ?”

“ಇವತ್ತ.”

“ಇವತ್ತ ರವಿವಾರ, ಹುಚ್ಚಿ. ಈ ದೇಶದಾಗ ರವಿವಾರ ಒಂದ ಮೊಳಿ ಹೊಡದ್ರೂ ಬೈತಾರ. ಅಜ್ಜಿ ಮನ್ಯಾಗ ಇರ್ತಾಳ.”

“ಇರ್ಲಿ.”

ಟ್ರಾಮು ನಿಂತಿತು. ತಾಯಿ ಸೆರಗು ಸೊಂಟಕ್ಕೆ ಸಿಗಿಸಿ ಎದ್ದಳು.

“ನಡಿ. ಕಿಡಕಿ ತಗದಿಟ್ಟ ಬಡಿಯೋಣು. ಕಮಿಟಿಯವ್ರಿಗೂ ಕೇಳ್ಲಿ.”

ಇಬ್ಬರೂ ಇಳಿದು, ಹಿಂದೆ ನೋಡದೆ ಬಿರಬಿರನೆ ಹೋದರು.