ಸತ್ತ ಸಾಹೇಬ್ರ ಮಂಜೂರಿ

ಸಣ್ಣ ದನಿಯಾಗ ಹೇಳತೇನಿ, ಒಳಗ ಹುಡುಗ್ರು ಮಲಗ್ಯಾರ. ಇದು ನಮ್ಮ ಕಾಕಾನ ಮಗ ಫಕ್ಕೀರೇಶಗ ಆದದ್ದು. ತೊಂಬತ್ತನಾಕನೇ ಇಸ್ವಿ ಇರಬೇಕು. ಕಡೀ ಬಸ್ಸಿಳಿದು ಹಲಗೇರಿ ದಾರಿಯಾಗ ಹಾಳುಬಾವಿ ದಾಟಾಕತ್ತಿದ್ದ... ಹಿಂದ ಚಪ್ಪಲಿ ಸಪ್ಪಳ. ಚರ್ಕ್... ಚರ್ಕ್... ಎಡಗಾಲು ಎಳದು ನಡಿಯೋರ ಸಪ್ಪಳ.

ಆ ನಡಿಗಿ ಅವಂಗ ಗೊತ್ತಿತ್ತು. ಬಾಳಕೃಷ್ಣ ಸಾಹೇಬ್ರದು. ಸಾಹೇಬ್ರು ದೀಪಾವಳಿ ಮುಂದ ತೀರಿಕೊಂಡಿದ್ದರು.

ಅವರು ರಾಣೆಬೆನ್ನೂರಾಗ ಯುನಿವರ್ಸಿಟಿಯ ಮೆಣಸಿನಕಾಯಿ ಸಂಶೋಧನೆ ಸ್ಕೀಮಿಗೆ ಮುಖ್ಯಸ್ಥರು. ಫಕ್ಕೀರೇಶ ಅಲ್ಲಿ ಕಂಪ್ಯೂಟರ್ ನಡಸಾಂವ. ಆ ವರ್ಷನ ಫೈಲು ಬಿಟ್ಟು ಸ್ಕೀಮಿನ ಕಾರಭಾರ ಎಲ್ಲಾ ಕಂಪ್ಯೂಟರಿಗೆ ಹಾಕಿದ್ದರು. ಮುಖ್ಯಸ್ಥರು ತಿಂಗಳಾ ತಮ್ಮ ಪಾಸ್‌ವರ್ಡ್ ಹಾಕಿ ಮಂಜೂರಿ ಒತ್ತಬೇಕು. ಒತ್ತದಿದ್ದರ ಸ್ಕೀಮು ಬಂದ್, ಹೊಲದಾಗ ದುಡಿಯೋ ಹೆಣ್ಮಕ್ಕಳು ಮನಿಗೆ. ಸಾಹೇಬ್ರೇನು ಆ ಡಬ್ಬಿ ಮುಟ್ಟತಿದ್ದಿಲ್ಲ, ಬಿಡ್ರಿ. ಯಾವ ಸಾಹೇಬ್ರು ಮುಟ್ಟತಿದ್ದರು? ಪಾಸ್‌ವರ್ಡ್ ಇವನ ಕಿವಿಯಾಗ ಹೇಳಿ, "ನೀನ ಒತ್ತೋ ತಮ್ಮಾ" ಅಂತಿದ್ದರು.

ಹಂಗಾಗಿ ಅವರು ಸತ್ತ ಮ್ಯಾಲೂ ಇಂವ ಒತ್ತಾಕತ್ತಿದ್ದ. ಹೊಸ ಮುಖ್ಯಸ್ಥರು ಬರೋದು ಮಾರ್ಚಿಗೆ. ಅಲ್ಲೀತನಕ ಕಂಪ್ಯೂಟರಿನಾಗ ಸಾಹೇಬ್ರು ಜೀವಂತ.

ಫಕ್ಕೀರೇಶ ಹಿಂದ ನೋಡಲಿಲ್ಲ. ಅಂಥಾ ಹೊತ್ತಿನಾಗ ತಿರುಗಬಾರದು, ಗೊತ್ತಲ್ಲ.

"ತಮ್ಮಾ..." ದನಿ ಭಾಳ ದಣದಿತ್ತು. "ಇನ್ನೂ ಯಾಕ ದುಡಸ್ತೀಪಾ ನನ್ನ?"

"ಸಾಹೇಬ್ರ..."

"ನೀ ಒತ್ತಿದಾಗೆಲ್ಲ ಎದ್ದು ಬರಬೇಕಾಗತೈತಿ. ಹೆಸರು ತಗದುಬಿಡು. ನಿದ್ದಿ ಬೇಕಾಗೇತಿ ನನಗ."

ಫಕ್ಕೀರೇಶಗ ಅಳು ಬಂತು. ಹೆದರಿಕಿಗಲ್ಲ. ಕಂಪ್ಯೂಟರಿನಾಗ ಸಾಹೇಬ್ರ ಹೆಸರಿನ ಹಸರ ಅಕ್ಷರ ನೋಡಿ ನೋಡಿ ಅವನೂ ಸೋತುಹೋಗಿದ್ದ.

"ತಗದರ ನಿಮ್ಮ ಹೊಲದ ನೀಲಗಂಗವ್ವ, ಹೊಳಿಯವ್ವ, ಎಲ್ಲಾರೂ ಮನಿಗೆ ಹೋಗತಾರ್ರಿ. ನಡುವರ್ಷದಾಗ ಬ್ಯಾರೆ ಕೆಲಸ ಯಾರು ಕೊಡತಾರ್ರಿ ಅವರಿಗೆ? ಮಾರ್ಚಿಗೆ ಹೊಸ ಸಾಹೇಬ್ರು ಬರತಾರ, ಅಲ್ಲೀತನಕ ಅಷ್ಟರಿ."

ಬಾವಿಯಾಗ ಒಂದು ಹಳ್ಳು ಬಿತ್ತು... ಡುಬುಕ್. ಆಮ್ಯಾಲೆ ಯಾರೋ ಉದ್ದಕ ಉಸಿರು ಬಿಟ್ಟಂಗಾತು.

"ಮಾರ್ಚ್ ತನಕ ಅಂದಿ?"

"ಮಾರ್ಚ್ ತನಕರಿ."

"ಆತು. ಆದರ ನೀ ಒತ್ತಬ್ಯಾಡ. ಆ ಸುಳ್ಳು ನಿನ್ನ ತಲಿಮ್ಯಾಗ ಬ್ಯಾಡ."

ಚರ್ಕ್... ಚರ್ಕ್... ಸಪ್ಪಳ ವಾಪಸ್ ರಾಣೆಬೆನ್ನೂರ ಕಡೆ ಹೋತು, ಆಫೀಸಿನ ಕಡೆ. ದಣದ ಮನಷ್ಯಾ ಮತ್ತ ಡ್ಯೂಟಿಗೆ ಹೊಂಟಿದ್ದ.

ನಗತೀರಿ, ನಗ್ರಿ. ಅವತ್ತಿನಿಂದ ಫಕ್ಕೀರೇಶ ಮಂಜೂರಿ ಒತ್ತಲೇ ಇಲ್ಲ. ಮುಂಜಾನೆ ಹೋಗಿ ನೋಡಿದರ ಆಗಲೇ ಆಗಿರತಿತ್ತು. ನೀಲಗಂಗವ್ವ ಇನ್ನೂ ಅದಾಳ, ಹೋಗಿ ಕೇಳ್ರಿ. ಆ ವರ್ಷ ಆಕಿಗೆ ಕೆಲಸ ತಪ್ಪಲಿಲ್ಲ. ಮಂಜೂರಿ ಆದ ಹೊತ್ತು ಕಂಪ್ಯೂಟರ್ ತಾನ ತೋರಸತಿತ್ತು... ಪ್ರತೀ ಸಲ ನಡುರಾತ್ರಿ. ಖರೇ ಹೇಳತೇನಿ, ನಾನೂ ಕಣ್ಣಾರೆ ನೋಡೇನಿ.

ಆ ರಾತ್ರಿಗಳಾಗ ಆಫೀಸಿನಾಗ ಕರೆಂಟ್ ಇದ್ದಿಲ್ಲ.