ತಟ್ಟೆಯ ಸ್ಟೇರಿಂಗ್

ಹೆಂಡತಿ ತೀರಿಕೊಂಡ ಮೇಲೆ ತಮ್ಮೊಬ್ಬರ ಮಾತ್ರೆಗಾಗಿ ತೀರ್ಥಹಳ್ಳಿಯ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದ ಗಣೇಶಮೂರ್ತಿಗಳಿಗೆ ಮುಂದಿದ್ದ ಅಕ್ಕ-ತಮ್ಮಂದಿರ ಮಾತು ಕೇಳಿಸಿತು.

“ಅಪ್ಪಯ್ಯಂಗೆ ಕಾರ್ ರೇಸ್ ಗೇಮ್ ಹಿಡಿಸ್ತಾ ಅಕ್ಕ? ಸಾಗರದ ವಿಡಿಯೋ ಗೇಮ್ ಅಂಗಡೀಲಿ ಕಾಸು ಹಾಕಿ ಆಡ್ತಿದ್ರಲ್ಲ, ಅದೇ ಈಗ ಟೀವಿಗೆ ಬಂದಿದೆ ಅಂತ ತಂದ್ಕೊಟ್ಟೆ.”

“ಅಲ್ಲಿ ಸ್ಟೇರಿಂಗ್ ಇತ್ತು ಮಾರಾಯ, ಇದ್ರಲ್ಲಿ ಬರೀ ಗುಂಡಿ. ಲಕ್ವ ಹೊಡೆದ ಮೇಲೆ ಅವ್ರ ಬೆರಳು ಬಗ್ಗಲ್ಲ.”

“ವಾಪಸ್ ಕೊಡ್ಲಾ?”

“ಬ್ಯಾಡ. ಬಸ್ ಓಡಿಸಿದ ಕೈ ಅಲ್ವಾ, ಊಟದ ತಟ್ಟೆನ ಅಂಗೈಲಿ ಒತ್ತಿ ಹಿಡ್ಕಂಡು ತಿರುಗಿಸ್ತಾರೆ. ಅದನ್ನ ನೋಡ್ಕಂಡು ನಾನು ಹಿಂದೆ ಕೂತು ಗುಂಡಿ ಒತ್ತದು. ದಿನಾ ಇದೇ ನನ್ನ ಡ್ಯೂಟಿ.”

“ಅವ್ರಿಗೆ ಗೊತ್ತಾಗಲ್ವಾ?”

“ಗೊತ್ತಿಲ್ಲ ಅಂದ್ಕಂಡಿದ್ದೆ. ನಿನ್ನೆ, ‘ಸುಸ್ತಾದ್ರೆ ಹೇಳು ಮಗಾ, ಗಾಡಿ ಸೈಡಿಗೆ ಹಾಕ್ತೀನಿ’ ಅಂದ್ರು.”

ಔಷಧಿ ತೆಗೆದುಕೊಂಡು ಇಬ್ಬರೂ ತಿರುಗಿದಾಗ ಗಣೇಶಮೂರ್ತಿಗಳು ಆ ಅಪ್ಪ-ಮಕ್ಕಳಿಗೆ ಒಳ್ಳೆಯದಾಗಲೆಂದು ಮನಸ್ಸಿನಲ್ಲೇ ರಾಮನಾಮ ಹೇಳಿ ದಾರಿ ಬಿಟ್ಟರು.